ಕಂಪನಿ ಡೆಸ್ಕ್‌ಟಾಪ್‌ಗೆ ಎಸ್‌ಎಂಪಿಎಸ್ ಬದಲಿಸೋದು: ವ್ಯಾಟ್ ಕೊನೆಗೆ ನೋಡಿ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆ ಹಾರ್ಡ್‌ವೇರ್ ಕಲಿಯೋರ ಕೈಗೆ ಮೊದಲು ಸಿಗೋ ಮಷಿನ್ ಸಾಮಾನ್ಯವಾಗಿ ಯಾವ್ದೋ ಆಫೀಸಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸು, ಇಲ್ಲಾಂದ್ರೆ ಎಚ್‌ಪಿ, ಲೆನೊವೊ ಥಿಂಕ್‌ಸೆಂಟರ್. ರೀಫರ್ಬಿಶ್ಡ್ ಅಂತ ಕಡಿಮೆಗೆ ಸಿಗುತ್ತೆ, ಮನೆ ಹುಡುಗ್ರು ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡಿ ಅಂತಾರೆ, ಅಲ್ಲಿಂದ ಶುರುವಾಗುತ್ತೆ ಎಸ್‌ಎಂಪಿಎಸ್ ಕಥೆ, ಅಂದ್ರೆ ಗೋಡೆಯ ಕರೆಂಟನ್ನ ಪಿಸಿಗೆ ಬೇಕಾದ ಕಡಿಮೆ ವೋಲ್ಟಿನ ಡಿಸಿಗೆ ಬದಲಿಸೋ ಡಬ್ಬದ ಕಥೆ. ಎಲ್ರೂ ಮೊದಲು ಕೇಳೋದು "ಎಷ್ಟು ವ್ಯಾಟಿಂದು ತರ್ಬೇಕು" ಅಂತ. ಬಿಡಿ ಭಾಗ ತಂದು ಜೋಡಿಸಿದ ಅಸೆಂಬಲ್ಡ್ ಪಿಸಿ ಆಗಿದ್ರೆ ಆ ಪ್ರಶ್ನೆ ಸರಿ. ಕಂಪನಿ ಪಿಸಿಲಿ ಅದನ್ನ ಕೊನೆಗೆ ಕೇಳಿ, ಮೊದಲು ಕನೆಕ್ಟರ್ ನೋಡಿ, ಆಮೇಲೆ ಸೈಜು.

ಸೈಡ್ ಪ್ಯಾನೆಲ್ ತೆಗೆದು ಮದರ್‌ಬೋರ್ಡ್‌ಗೆ ಬಂದಿರೋ ದಪ್ಪ ವೈರಿನ ಗೊಂಚಲು ಹುಡುಕಿ. ಮಾಮೂಲಿ ಎಟಿಎಕ್ಸ್ (ಅಸೆಂಬಲ್ಡ್ ಪಿಸಿಗಳ ಸಾಮಾನ್ಯ ಸ್ಟ್ಯಾಂಡರ್ಡು) ಆದ್ರೆ ಅಲ್ಲಿ 24 ಪಿನ್ ಇರುತ್ತೆ, ಎರಡು ಸಾಲು, ಸಾಲಿಗೆ 12. ಅದ್ರ ಬದಲು 6 ಪಿನ್ನೋ 8 ಪಿನ್ನೋ ಕಂಡ್ರೆ, ಅಥವಾ ಥಿಂಕ್‌ಸೆಂಟರ್ ಕೆಲವದ್ರಲ್ಲಿ ಇರೋ ಹಂಗೆ 14 ಇಲ್ಲಾ 10 ಪಿನ್ ಇದ್ರೆ, ಅಂಗಡಿ ಎಸ್‌ಎಂಪಿಎಸ್ ನೇರ ಕೂರಲ್ಲ. ಎಂತಕ್ಕೆ ಹಿಂಗೆ ಮಾಡ್ತಾರೆ ಅಂದ್ರೆ, ಮಾಮೂಲಿ ಎಸ್‌ಎಂಪಿಎಸ್ 12, 5, 3.3 ಮೂರೂ ವೋಲ್ಟೇಜ್ ತಾನೇ ತಯಾರಿಸಿ ಕಳಿಸುತ್ತೆ, ಹಳದಿ ವೈರು 12, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡು. ಈ ಕಂಪನಿ ಮಷಿನ್‌ಗಳಲ್ಲಿ ತುಂಬಾದ್ರಲ್ಲಿ ಎಸ್‌ಎಂಪಿಎಸ್ ಕೊಡೋದು ಬರೀ 12 ವೋಲ್ಟ್, ಉಳಿದಿದ್ದನ್ನ ಬೋರ್ಡೇ ಇಳಿಸಿಕೊಳ್ಳುತ್ತೆ. ಅದಕ್ಕೇ ಹಾರ್ಡ್ ಡಿಸ್ಕಿನ ಪವರ್ ವೈರು ಎಸ್‌ಎಂಪಿಎಸ್ಸಿಂದ ಬರೋ ಬದಲು ಬೋರ್ಡಿಂದ ಹೊರಟಿರುತ್ತೆ, ಅದನ್ನ ಕಂಡ್ರೆ ಅರ್ಥ ಮಾಡ್ಕೊಳ್ಳಿ. ಇಂಟೆಲ್ ಇದೇ ಐಡಿಯಾಗೆ ಎಟಿಎಕ್ಸ್12ವಿಒ ಅಂತ 10 ಪಿನ್ನಿನ ಸ್ಟ್ಯಾಂಡರ್ಡೂ ತಂದಿದೆ, ಆದ್ರೆ ಹಳೇ ಮಷಿನ್‌ಗಳಲ್ಲಿ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ.

24 ಪಿನ್ನಿಂದ ಈ ಸಣ್ಣ ಕನೆಕ್ಟರ್‌ಗೆ ಬದಲಿಸೋ ಅಡಾಪ್ಟರ್ ಕೇಬಲ್ ಸಿಗುತ್ತೆ. ಇಲ್ಲೊಂದು ವಿಷ್ಯ ಚೆನ್ನಾಗಿ ತಲೇಲಿಟ್ಟುಕೊಳ್ಳಿ: ಪಿಸಿ ಆಫ್ ಇದ್ದಾಗ್ಲೂ ಪ್ಲಗ್ ಹಾಕಿದ್ರೆ ಒಂದು ಲೈನ್ ಎಚ್ಚರ ಇರುತ್ತೆ, ಸ್ಟ್ಯಾಂಡ್‌ಬೈ ಅಂತಾರೆ, ಪವರ್ ಬಟನ್ ಒತ್ತಿದ್ದು ಬೋರ್ಡ್‌ಗೆ ಗೊತ್ತಾಗೋದು ಅದ್ರಿಂದ್ಲೇ. ಎಟಿಎಕ್ಸ್‌ನಲ್ಲಿ ಅದು ನೇರಳೆ ವೈರು, 5 ವೋಲ್ಟ್. ಕೆಲವು ಕಂಪನಿ ಬೋರ್ಡ್‌ಗೆ ಸ್ಟ್ಯಾಂಡ್‌ಬೈಲೂ 12 ವೋಲ್ಟ್ ಸುಮಾರು ಬೇಕು, ಅಂಥದಕ್ಕೆ 5ನ್ನ ಏರಿಸೋ ಒಂದು ಸಣ್ಣ ಸರ್ಕ್ಯೂಟ್ ಕೇಬಲ್ ಮಧ್ಯ ಇರ್ಬೇಕು. ಅದಿಲ್ಲದ ಬರೀ ವೈರಿನ ಅಡಾಪ್ಟರ್ ಹಾಕಿದ್ರೆ ಮಷಿನ್ ಆನೇ ಆಗಲ್ಲ, ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಹೊತ್ಕೊಂಡು ಹೋಗ್ತೀರಿ. ಹಂಗಾಗಿ ಅಡಾಪ್ಟರ್ ತಗೊಳ್ಳೋವಾಗ ಪಿನ್ ಎಣಿಸಿದ್ರೆ ಸಾಕಾಗಲ್ಲ, ಮಾಡೆಲ್ ನಂಬರ್ ಹೇಳಿ ತಗೊಳ್ಳಿ.

ಸೈಜಿನ ವಿಷ್ಯ ಬೇಗ ಮುಗಿಯುತ್ತೆ. ಮಾಮೂಲಿ ಎಟಿಎಕ್ಸ್ ಡಬ್ಬ 150 ಮಿಲಿಮೀಟರ್ ಅಗಲ, 86 ಎತ್ತರ, ಉದ್ದ 140 ಅಥವಾ ಜಾಸ್ತಿ. ಟವರ್ ಕೇಸಲ್ಲಿ ಕೂತ್ರೂ ಕೂರಬಹುದು. ಸ್ಲಿಮ್ ಕೇಸಲ್ಲಿ ಟಿಎಫ್‌ಎಕ್ಸ್ ಅಂತ ಉದ್ದದ ಕಿರಿದಾದ್ದು, ಇಲ್ಲಾ ಕಂಪನಿದೇ ವಿಚಿತ್ರ ಆಕಾರದ್ದು ಇರುತ್ತೆ. ಸ್ಲಿಮ್ ಕೇಸಿಗೆ ನನ್ನ ಅಭಿಪ್ರಾಯ ಕೇಳಿದ್ರೆ ಎಸ್‌ಎಂಪಿಎಸ್ ಮುಟ್ಲೇಬೇಡಿ, ಬೇರೆ ಪವರ್ ವೈರ್ ಕೇಳದ ಸಣ್ಣ ಕಾರ್ಡ್ ಹಾಕಿ ಸುಮ್ನಿರಿ. ಕಾರ್ಡ್ ಕೂರೋ ಸ್ಲಾಟಿಂದ್ಲೇ 75 ವ್ಯಾಟ್‌ವರೆಗೆ ಸಿಗುತ್ತೆ ಅನ್ನೋದು ಸ್ಟ್ಯಾಂಡರ್ಡು, ಜಿಟಿಎಕ್ಸ್ 1650 ತರದ್ದು ತುಂಬಾ ಮಾಡೆಲ್ ಅಷ್ಟರಲ್ಲೇ ಓಡುತ್ತೆ. ಆದ್ರೆ ಕೆಲವು ಸ್ಲಿಮ್ ಮಷಿನ್‌ಗಳಲ್ಲಿ ಸ್ಲಾಟಿಗೆ ಅದಕ್ಕಿಂತ ಕಡಿಮೆ ಮಿತಿ ಹಾಕಿರ್ತಾರೆ, ಮ್ಯಾನ್ಯುಯಲ್ ತೆಗೆದು ನೋಡಿ.

ಈಗ ವ್ಯಾಟು. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದಿರೋದನ್ನ ಓದಬೇಡಿ, ಪಕ್ಕದ ಸ್ಟಿಕ್ಕರ್ ಓದಿ. ಅದ್ರಲ್ಲಿ ಒಂದು ಟೇಬಲ್ ಇರುತ್ತೆ, ಪ್ಲಸ್ 12ವಿ ಕೆಳಗೆ ಎಷ್ಟು ಆಂಪ್ ಅಂತ ನೋಡಿ 12ರಿಂದ ಗುಣಿಸಿ. 36 ಆಂಪ್ ಇದ್ರೆ 432 ವ್ಯಾಟ್, 450ರ ಒಳ್ಳೇ ಎಸ್‌ಎಂಪಿಎಸ್ ಅಂದ್ರೆ ಹಿಂಗಿರುತ್ತೆ. ಅದೇ 450 ಅಂತ ಬರೆದಿರೋ ಕಡಿಮೆ ರೇಟಿನ ಡಬ್ಬದಲ್ಲಿ 12 ವೋಲ್ಟಿಗೆ 15 ಆಂಪ್ ಇದ್ರೆ ಲೆಕ್ಕ 180ಕ್ಕೇ ನಿಲ್ಲುತ್ತೆ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಎರಡೂ ತಿನ್ನೋದು 12 ವೋಲ್ಟೇ, 5 ವೋಲ್ಟಲ್ಲಿ ಎಷ್ಟಿದ್ರೂ ಅವಕ್ಕೆ ಉಪಯೋಗ ಇಲ್ಲ. 12ವಿ1, 12ವಿ2 ಅಂತ ಎರಡು ಬರೆದಿದ್ರೆ ಕೂಡಿಸಕ್ಕೆ ಹೋಗಬೇಡಿ, ಎರಡೂ ಸೇರಿ ಗರಿಷ್ಠ ಎಷ್ಟು ಅಂತ ಕೆಳಗಿನ ಸಾಲಲ್ಲಿ ಬೇರೆ ಇರುತ್ತೆ. ಅಂಗಡೀಲಿ "ಅಣ್ಣಾ, ಇದ್ರ ಸ್ಟಿಕ್ಕರ್ ಒಂಚೂರು ತೋರಿಸಿ, 12 ವೋಲ್ಟ್ ಎಷ್ಟು ಆಂಪ್ ಇದೆ" ಅಂತ ಕೇಳಿ. ತೋರಿಸೋರು ಖುಷಿಯಿಂದ ತೋರಿಸ್ತಾರೆ. "ಅದೆಲ್ಲ ಎಂತಕ್ಕೆ ಮಾರಾಯ, ಎಲ್ರೂ ಇದೇ ಒಯ್ಯೋದು" ಅಂದ್ರೆ ನೀವು ಬೇರೆ ಅಂಗಡಿ ನೋಡ್ಕೊಳ್ಳಿ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನೋದು ಗೋಡೆಯಿಂದ ಎಳೆದ ಕರೆಂಟಲ್ಲಿ ಎಷ್ಟು ಭಾಗ ಉಪಯೋಗಕ್ಕೆ ಬರುತ್ತೆ ಅನ್ನೋದರ ಗುರುತು. ಬ್ರಾಂಜ್ ಅರ್ಧ ಲೋಡಲ್ಲಿ 85 ಪರ್ಸೆಂಟ್ ಆಸುಪಾಸು, ಗೋಲ್ಡ್ 90. ಒಳಗಿನ ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಭಾಗ) ಒಳ್ಳೇದಾ ಅನ್ನೋದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಇನ್ನೊಂದು ತಪ್ಪು ತಿಳುವಳಿಕೆ, ದೊಡ್ಡ ಎಸ್‌ಎಂಪಿಎಸ್ ಹಾಕಿದ್ರೆ ಬಿಲ್ ಜಾಸ್ತಿ ಬರುತ್ತೆ ಅಂತ, ಎಷ್ಟೋ ಮನೇಲಿ ಅಪ್ಪಂದಿರು ಇದಕ್ಕೇ ಬೇಡ ಅಂದಿರ್ತಾರೆ. 550 ವ್ಯಾಟ್ ಅಂತ ಬರೆದಿದ್ರೆ ಅದು ಮೇಲಿನ ಮಿತಿ ಅಷ್ಟೇ, ಪಿಸಿಗೆ 100 ಬೇಕಾದಾಗ ಅದು 100ಕ್ಕೆ ತಕ್ಕಷ್ಟೇ ಎಳೆಯೋದು.

ಆದ್ರೆ ಕಾರ್ಡ್ ಹಾಕಿದ ಮೇಲೆ ಪಿಸಿ ಎಳೆಯೋದು ಜಾಸ್ತಿ ಆಗುತ್ತೆ ನೋಡಿ, ಅಲ್ಲಿ ನಮ್ಮ ಕಡೆ ಯುಪಿಎಸ್ ಸಿಕ್ಕಾಕೊಳ್ಳುತ್ತೆ. ಶರಾವತಿ ನಮ್ಮ ಜಿಲ್ಲೇಲೇ 1035 ಮೆಗಾವ್ಯಾಟ್ ಉತ್ಪಾದಿಸಿದ್ರೂ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಹೋಯ್ತು, ಹಂಗಾಗಿ ಯುಪಿಎಸ್ ಇಲ್ದೆ ಇಲ್ಲಿ ಪಿಸಿ ಇಲ್ಲ. ಮನೆಗಳಲ್ಲಿ ಇರೋ 600 ವಿಎ ಯುಪಿಎಸ್ ನಿಜವಾಗಿ ಕೊಡೋದು ಸಾಮಾನ್ಯವಾಗಿ 360 ವ್ಯಾಟ್. ಲೆಕ್ಕ ಹಾಕೋಣ: ಆರ್‌ಟಿಎಕ್ಸ್ 3060ಗೆ 170, ಪ್ರೊಸೆಸರ್‌ಗೆ 90, ಉಳಿದಿದ್ದಕ್ಕೆ 40, ಒಟ್ಟು 300. 85 ಪರ್ಸೆಂಟ್ ಎಫಿಶಿಯನ್ಸಿ ಅಂದ್ರೆ ಗೋಡೆಯಿಂದ 353, ಮಾನಿಟರ್ 25 ಸೇರಿಸಿದ್ರೆ 378. ಗೇಮ್ ಆಡ್ತಾ ಇರೋವಾಗ ಕರೆಂಟ್ ಹೋದ್ರೆ ಯುಪಿಎಸ್ ಕಿರುಚಿ ಆಫ್ ಆಗುತ್ತೆ. ಲೋಡ್ ಕಡಿಮೆ ಇದ್ರೂ ಕೆಲವೊಮ್ಮೆ ಹಿಂಗಾಗುತ್ತೆ, ಯಾಕಂದ್ರೆ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಗೋಡೆಯ ಕರೆಂಟನ್ನ ಅದ್ರ ಅಲೆಗೆ ತಕ್ಕಂಗೆ ಎಳೆಯೋ ಆಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರುತ್ತೆ, ಸಸ್ತಾ ಯುಪಿಎಸ್ ಬ್ಯಾಟರಿ ಮೇಲೆ ಕೊಡೋ ಮೆಟ್ಟಿಲು ಮೆಟ್ಟಿಲಾದ ಅಲೆ ಅದಕ್ಕೆ ಒಗ್ಗಲ್ಲ. ಹಂಗಾಗಿ ಎಸ್‌ಎಂಪಿಎಸ್ ಬಜೆಟ್ ಹಾಕೋವಾಗ್ಲೇ 1000 ವಿಎ ಯುಪಿಎಸ್ ದುಡ್ಡೂ ಸೇರಿಸಿ, ಆದ್ರೆ ಗೋಡೆಯ ಕರೆಂಟಿನ ಹಂಗೇ ನಯವಾದ ಅಲೆ ಕೊಡೋ ಪ್ಯೂರ್ ಸೈನ್ ವೇವಿಂದೇ ತಗೊಳ್ಳಿ.

ಅರ್ಥಿಂಗ್ ಬಗ್ಗೆ ಒಂದು ಮಾತು. ಕೇಸ್ ಮುಟ್ಟಿದ್ರೆ ಕೈ ಜುಮ್ ಅಂದ್ರೆ ಎಸ್‌ಎಂಪಿಎಸ್ ಹಾಳಾಗಿದೆ ಅಂತ ಬದಲಿಸೋರಿದ್ದಾರೆ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಚೂರೇ ಚೂರು ಕರೆಂಟನ್ನ ಮೂರನೇ ಪಿನ್ ಮೂಲಕ ನೆಲಕ್ಕೆ ಬಿಡ್ತವೆ, ಆ ಪಿನ್ನಿಗೆ ಅರ್ಥ್ ಇಲ್ದಿದ್ರೆ ಅದು ಕೇಸಲ್ಲೇ ನಿಲ್ಲುತ್ತೆ. ಹಳೇ ಮನೆಗಳಲ್ಲಿ ಟೂ ಪಿನ್ ಪ್ಲಗ್ ಮಾಡ್ಕೊಂಡಿರ್ತಾರೆ, ಇಲ್ಲಾ ಬೇಸಿಗೇಲಿ ಅರ್ಥಿಂಗ್ ಗುಂಡಿ ಒಣಗಿ ಹೋಗಿರುತ್ತೆ, ನೀರು ಹೊಯ್ದ್ರೆ ಎಷ್ಟೋ ಕಡೆ ಸರಿಹೋಗುತ್ತೆ. ಗುಡುಗು ಶುರುವಾದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಪ್ಲಗ್ ಕಿತ್ತು ಲ್ಯಾನ್ ಕೇಬಲ್ಲೂ ಕೀಳಿ.

ಫಿಟ್ ಮಾಡೋದು ಸುಲಭದ ಭಾಗ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಳ್ಳಿ, ಹಳೇ ವೈರಿಂಗಿನ ಫೋಟೋ ತೆಗೀರಿ, ಹಿಂದಿನ ಸ್ಕ್ರೂ ಬಿಚ್ಚಿ, ಡೆಲ್ ಕೆಲವದ್ರಲ್ಲಿ ಒಳಗೊಂದು ಲಾಚ್ ಇರುತ್ತೆ ಅದನ್ನ ಒತ್ತಿ ಡಬ್ಬ ಜಾರಿಸಿ. ಪ್ರೊಸೆಸರ್‌ಗೆ ಹೋಗೋ 8 ಪಿನ್ನು 4 ಮತ್ತು 4 ಆಗಿ ಒಡೆಯುತ್ತೆ, ಗ್ರಾಫಿಕ್ಸ್ ಕಾರ್ಡಿಂದು 6 ಮತ್ತು 2 ಆಗಿ. ನೋಡಕ್ಕೆ ಒಂದೇ ತರ, ಆದ್ರೆ 12 ವೋಲ್ಟೂ ಗ್ರೌಂಡೂ ಉಲ್ಟಾ, ಜೋರು ಮಾಡಿ ತುರುಕಬೇಡಿ. ಕೇಬಲ್‌ಗಳನ್ನ ಡಬ್ಬದಿಂದ ಬಿಡಿಸಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ರೆ ಒಂದು ಬ್ರ್ಯಾಂಡಿನ ಕೇಬಲ್ ಇನ್ನೊಂದಕ್ಕೆ ಹಾಕಲೇಬಾರದು, ಡಬ್ಬದ ಕಡೆ ಪಿನ್ ಜೋಡಣೆ ಒಬ್ಬೊಬ್ಬರದ್ದು ಬೇರೆ. ಹಳೇ ಎಸ್‌ಎಂಪಿಎಸ್ ಹಿಂದೆ 115/230 ಅಂತ ಕೆಂಪು ಸ್ವಿಚ್ ಇದ್ರೆ 230ರಲ್ಲೇ ಇರ್ಬೇಕು, 115ಕ್ಕೆ ಜಾರಿಸಿ ಪ್ಲಗ್ ಹಾಕಿದ್ರೆ ಢಂ.

ಡಬ್ಬ ಬಿಚ್ಚಿ ಒಳಗೆ ಕೈ ಹಾಕೋ ಆಸೆ ಎಲ್ರಿಗೂ ಬರುತ್ತೆ, ಕಲಿಯೋರಿಗಂತೂ ಜಾಸ್ತಿ. ಒಳಗಿನ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟಿಗಿಂತ ಮೇಲೆ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಂಗೇ ಉಳಿಯುತ್ತೆ. ಸತ್ತಿದೆಯಾ ಅಂತ ನೋಡ್ಬೇಕಂದ್ರೆ ಹೊರಗಿಂದ್ಲೇ ಆಗುತ್ತೆ: 24 ಪಿನ್ ಕನೆಕ್ಟರನ್ನ ಬೋರ್ಡಿಂದ ಬಿಡಿಸಿ, ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಒಂದು ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ, ಆಮೇಲೆ ಪ್ಲಗ್ ಆನ್ ಮಾಡಿ, ಫ್ಯಾನ್ ತಿರುಗುತ್ತಾ ನೋಡಿ, ಮಲ್ಟಿಮೀಟರಲ್ಲಿ ಹಳದಿ ವೈರು 11.4ರಿಂದ 12.6ರ ಒಳಗಿದೆಯಾ ಅಳೆಯಿರಿ. ಫ್ಯಾನ್ ತಿರುಗಿದ್ರೂ ಲೋಡ್ ಬಿದ್ದಾಗ ಕುಸಿಯೋ ಎಸ್‌ಎಂಪಿಎಸ್ಸೂ ಇರ್ತವೆ, ಅದು ಗೊತ್ತಾಗೋದು ಪಿಸಿಗೆ ಹಾಕಿ ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟಾಗ್ಲೇ. ಮಷಿನಿಂದ ತೆಗೆದ ಕಂಪನಿ ಎಸ್‌ಎಂಪಿಎಸ್ ಕೆಟ್ಟಿಲ್ಲ ಅಂದ್ರೆ ಗುಜರಿಗೆ ಹಾಕಬೇಡಿ, ಆ ಕನೆಕ್ಟರಿಂದು ಬೇಕು ಅಂದಾಗ ಹೊಸದು ಸಿಗಲ್ಲ.