ಬಿಗಿತದಿಂದ ಹುಟ್ಟಿದ ‘ಸ್ಟ್ರೆಸ್’

ರಕ್ತದ ಒತ್ತಡ, ಗಾಳಿಯ ಒತ್ತಡ, ಕೆಲಸದ ಒತ್ತಡ. ಕನ್ನಡದಲ್ಲಿ ಮೂರಕ್ಕೂ ಪದ ಒಂದೇ. ಇಂಗ್ಲಿಷಿನಲ್ಲಿ ಮೊದಲೆರಡು ‘ಪ್ರೆಷರ್’, ಮೂರನೆಯದು ಹೆಚ್ಚಾಗಿ ‘ಸ್ಟ್ರೆಸ್’. ಪ್ರೆಷರ್‌ನ ಲ್ಯಾಟಿನ್ ಮೂಲ ‘ಪ್ರೆಮೆರೆ’, ಅಂದರೆ ಒತ್ತುವುದು. ಸ್ಟ್ರೆಸ್‌ನ ಮೂಲ ‘ಸ್ಟ್ರಿಂಗೆರೆ’, ಅಂದರೆ ಎಳೆದು ಬಿಗಿಯುವುದು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಕಷ್ಟ, ಸಂಕಟ. ‘ಸ್ಟ್ರಿಕ್ಟ್’, ‘ಡಿಸ್ಟ್ರೆಸ್’ ಅದೇ ಬಳ್ಳಿಯವು. ಹಸಿ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದಂತಾಗುವ ಒಗರಿಗೆ ಹೇಳುವ ‘ಆಸ್ಟ್ರಿಂಜೆಂಟ್’ ಕೂಡ ಅದರದೇ ಕುಡಿ. ಮಾತಿನಲ್ಲಿ ಒತ್ತಿ ಹೇಳುವುದಕ್ಕೂ ಇಂಗ್ಲಿಷಿನವರು ಸ್ಟ್ರೆಸ್ ಎನ್ನುತ್ತಾರೆ. ಇಲ್ಲಿ ಮಾತ್ರ ಎರಡು ಭಾಷೆಗಳ ದಾರಿ ಚೆನ್ನಾಗಿ ಕೂಡುತ್ತದೆ.

ಪದಕ್ಕೆ ಅಳತೆ ಸಿಕ್ಕಿದ್ದು 19ನೇ ಶತಮಾನದಲ್ಲಿ. ಘನವಸ್ತುವಿನ ಒಳಗೆ ಹರಡುವ ಬಲಗಳ ಗಣಿತವನ್ನು 1822ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ ರೂಪಿಸಿದರು. 1850ರ ದಶಕದಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ‘ಸ್ಟ್ರೆಸ್’ ಮತ್ತು ‘ಸ್ಟ್ರೈನ್’ಗಳನ್ನು ಬೇರೆ ಮಾಡಿದರು: ಮೊದಲನೆಯದು ವಿಸ್ತೀರ್ಣದ ಮೇಲೆ ಹಂಚಿಹೋದ ಬಲ, ಎರಡನೆಯದು ಅದರಿಂದ ವಸ್ತುವಿನ ಆಕಾರದಲ್ಲಾಗುವ ಬದಲಾವಣೆ. ಸ್ಟ್ರೈನ್ ಕೂಡ ಸ್ಟ್ರಿಂಗೆರೆಯ ಮಗುವೇ.

1 ಮೀಟರ್ ಉದ್ದ, 10 ಮಿ.ಮೀ. ವ್ಯಾಸದ ಉಕ್ಕಿನ ಸರಳಿಗೆ 1,000 ಕೆ.ಜಿ. ತೂಗುಹಾಕಿದರೆ ಬಲ 9,810 ನ್ಯೂಟನ್. ಸರಳಿನ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಮಿ.ಮೀ. ಭಾಗಿಸಿದರೆ ಚದರ ಮಿ.ಮೀ.ಗೆ ಸುಮಾರು 125 ನ್ಯೂಟನ್, ಅಂದರೆ 125 ಮೆಗಾಪಾಸ್ಕಲ್: ಇದು ಸ್ಟ್ರೆಸ್. ಸರಳು 0.6 ಮಿ.ಮೀ.ನಷ್ಟು ಉದ್ದವಾಗುತ್ತದೆ. ಮೂಲ ಉದ್ದಕ್ಕೆ ಹೋಲಿಸಿದರೆ 0.0006: ಇದು ಸ್ಟ್ರೈನ್, ಇದಕ್ಕೆ ಏಕಮಾನವಿಲ್ಲ. ಭಾರ ಇಳಿಸಿದರೆ ಸರಳು ಮೊದಲಿನಂತಾಗುತ್ತದೆ. ಸಾಮಾನ್ಯ ಮೆದು ಉಕ್ಕಿನಲ್ಲಿ ಸ್ಟ್ರೆಸ್ ಸುಮಾರು 250 ಮೆಗಾಪಾಸ್ಕಲ್ ದಾಟಿತೋ, ಹಿಗ್ಗಿದ್ದು ಪೂರ್ತಿ ಹಿಂದಿರುಗುವುದಿಲ್ಲ. ಪ್ರೆಷರ್‌ನ ಏಕಮಾನವೂ ಪಾಸ್ಕಲ್ಲೇ ಆದ್ದರಿಂದ ಎರಡನ್ನೂ ಒಂದೆಂದು ತಿಳಿಯುವವರು ಬಹಳ. ಆದರೆ ನಿಂತ ನೀರಿನ ಒಂದು ಬಿಂದುವಿನಲ್ಲಿ ಒತ್ತಡ ಎಲ್ಲ ದಿಕ್ಕಿಗೂ ಸಮ. ನಮ್ಮ ಸರಳಿನಲ್ಲಿ ಉದ್ದಕ್ಕೆ 125, ಅಡ್ಡಕ್ಕೆ ಸೊನ್ನೆ.

ವೈದ್ಯಕೀಯಕ್ಕೆ ಈ ಪದವನ್ನು ಎಳೆತಂದವರು ಕೆನಡಾದ ಮಾಂಟ್ರಿಯಲ್‌ನ ವೈದ್ಯ ಸಂಶೋಧಕ ಹಾನ್ಸ್ ಸೆಲ್ಯೆ. ಚಳಿ, ಗಾಯ, ವಿಷ, ಅತಿಯಾದ ದಣಿವು ಹೀಗೆ ಯಾವುದಕ್ಕೆ ಒಡ್ಡಿದರೂ ಇಲಿಗಳಲ್ಲಿ ಅವರಿಗೆ ಕಂಡದ್ದು ಒಂದೇ ಗುರುತು: ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಊದಿತ್ತು, ಎದೆಯಲ್ಲಿರುವ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣಾಗಿತ್ತು. 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ದೇಹದ ಈ ಪ್ರತಿಕ್ರಿಯೆಗೆ ಮುಂದೆ ‘ಸ್ಟ್ರೆಸ್’ ಎಂಬ ಹೆಸರು ಕೊಟ್ಟರು. ಎಂಜಿನಿಯರ್ ಕಣ್ಣಿಗೆ ಇದು ತಲೆಕೆಳಗು. ದೇಹದಲ್ಲಾಗುವ ಬದಲಾವಣೆ ಸ್ಟ್ರೈನ್ ಅಲ್ಲವೇ? ‘ಸ್ಟ್ರೈನ್’ ಎನ್ನಬೇಕಿತ್ತೆಂದು ಸೆಲ್ಯೆ ಕೂಡ ಆಮೇಲೆ ಒಪ್ಪಿಕೊಂಡರು. ಅಷ್ಟರಲ್ಲಿ ಪದ ಬೇರೂರಿತ್ತು. ಹೊರಗಿನ ಕಾರಣವನ್ನು ಹೆಸರಿಸಲು ಅವರು ‘ಸ್ಟ್ರೆಸರ್’ ಎಂಬ ಹೊಸ ಪದವನ್ನೇ ಕಟ್ಟಬೇಕಾಯಿತು.