ದಯವಿಟ್ಟು ಎರಡನೆಯ ವಾಟ್ಸ್‌ಆ್ಯಪ್ ಗುಂಪು ಮಾಡಬೇಡಿ

ಕಳೆದ ಆಟಿ ತಿಂಗಳಲ್ಲಿ, ಎಂದರೆ ಜುಲೈ-ಆಗಸ್ಟ್ ಸುಮಾರಿಗೆ, ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗೇರುಬೀಜ ಕಾರ್ಖಾನೆಗೆ ಪಿಎಫ್ ಲೆಕ್ಕ ನೋಡಲು ಹೋಗಿದ್ದೆ. ಧಣಿಗಳು ಕಡತವನ್ನು ಬದಿಗೆ ಸರಿಸಿ ಮೊಬೈಲನ್ನು ನನ್ನ ಮುಂದೆ ಹಿಡಿದರು. "ನೋಡಿ ಮೇಡಂ, ಹನ್ನೆರಡು ವರ್ಷ ಅನ್ನ ಕೊಟ್ಟಿದ್ದೇನೆ. ಈಗ ನನ್ನ ರೇಟನ್ನೇ ಆಚೆಯವರಿಗೆ ಒಪ್ಪಿಸಿದ್ದಾನೆ" ಎಂದರು. ಧ್ವನಿ ನಡುಗುತ್ತಿತ್ತು.

ಮಾರಾಟ ನೋಡಿಕೊಳ್ಳುತ್ತಿದ್ದ ಹುಡುಗ ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಇನ್ನೊಬ್ಬ ವ್ಯಾಪಾರಿಯ ಬಳಿ ಸೇರಿದ್ದ. 320ರ ದರ್ಜೆಯ ತಿರುಳಿಗೆ, ಎಂದರೆ ಒಂದು ಪೌಂಡಿಗೆ 300ರಿಂದ 320 ತುಂಡು ತೂಗುವ ಬೀಜಕ್ಕೆ, ಆ ದಿನ ಎಷ್ಟು ಹೇಳಬೇಕು ಎಂಬುದು ಬೆಳಿಗ್ಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತಿತ್ತು. ಅವನು ಹೋದ ಮೇಲೆ ಧಣಿಗಳು 'ಸೇಲ್ಸ್ ಹೊಸದು' ಎಂಬ ಇನ್ನೊಂದು ಗುಂಪು ಮಾಡಿ, ಅವನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಸೇರಿಸಿದ್ದರು. ಹಳೆಯ ಗುಂಪು ಹಾಗೆಯೇ ಇತ್ತು. ಗೋದಾಮಿನ ಮೇಲ್ವಿಚಾರಕರು ಅಭ್ಯಾಸಬಲದಿಂದ ದರದ ಪಟ್ಟಿಯನ್ನು ಹಳೆಯದಕ್ಕೇ ಹಾಕುತ್ತಿದ್ದರು.

ಧಣಿಗಳ ಮೊಬೈಲನ್ನು ಕೇಳಿ ಪಡೆದು ಆ ಹುಡುಗನ ಹೆಸರು ಹುಡುಕಿದೆ. ಏಪ್ರಿಲ್ ತಿಂಗಳಲ್ಲಿ ಅವನು ಧಣಿಗಳಿಗೇ ನೇರವಾಗಿ ಬರೆದಿದ್ದ: "ಸರ್, ನಾನಿನ್ನೂ ಸೇಲ್ಸ್ ಗುಂಪಿನಲ್ಲಿದ್ದೇನೆ. ದಯವಿಟ್ಟು ತೆಗೆಯಿರಿ." ಬಿಸು ಹಬ್ಬದ ಶುಭಾಶಯಗಳ ರಾಶಿಯಲ್ಲಿ ಆ ಸಂದೇಶವನ್ನು ಅವರು ಓದಿಯೇ ಇರಲಿಲ್ಲ. ಅವನು ದರವನ್ನು ಹೊಸ ಕಡೆಯಲ್ಲಿ ಹೇಳಿದನೋ ಇಲ್ಲವೋ, ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ನಾಲ್ಕು ತಿಂಗಳು ಪ್ರತಿದಿನ ಬೆಳಿಗ್ಗೆ ದರವನ್ನು ಅವನ ಕೈಗೆ ತಲುಪಿಸಿದವರು ಇವರೇ. ಅದನ್ನು ನಾನು ಹೇಳಲೇಬೇಕಾಯಿತು.

ಸಣ್ಣ ಮತ್ತು ಮಧ್ಯಮ ಸಂಸ್ಥೆಗಳ ಪಿಎಫ್, ಇಎಸ್‌ಐ, ವೇತನದ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಸುರತ್ಕಲ್‌ನಿಂದ ಉಡುಪಿಯವರೆಗೆ ಗೇರುಬೀಜದವರು, ಹೋಟೆಲಿನವರು, ಸಹಕಾರಿ ಸಂಘದವರು, ನರ್ಸಿಂಗ್ ಹೋಮಿನವರು, ಶಾಲೆಯವರು ನನ್ನ ಕಡತಗಳಲ್ಲಿದ್ದಾರೆ. ಕೆಲಸ ಬಿಟ್ಟವರು ಗುಂಪಿನಲ್ಲೇ ಉಳಿದ ತಕರಾರು ಇಲ್ಲದ ಕಚೇರಿ ಇವರಲ್ಲಿ ಕಡಿಮೆ. ಬಹುತೇಕ ಎಲ್ಲರೂ ಕಂಡುಕೊಂಡ ಪರಿಹಾರವೂ ಒಂದೇ: ಇನ್ನೊಂದು ಗುಂಪು. ಮೊನ್ನೆ ಒಂದು ಕಡೆ 'ಸ್ಟಾಫ್', 'ಸ್ಟಾಫ್ ಹೊಸದು', 'ಸ್ಟಾಫ್ ಮಾತ್ರ' ಎಂದು ಮೂರನ್ನು ನೋಡಿದೆ. ಮೂರಕ್ಕೂ ಅದೇ ಕಟ್ಟಡದ ಚಿತ್ರ.

ಹೊಸ ಗುಂಪು ಮಾಡಿದ ಮಾತ್ರಕ್ಕೆ ಹಳೆಯ ಗುಂಪು ಮುಚ್ಚುವುದಿಲ್ಲ. ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುತ್ತಿಲ್ಲವಾದ್ದರಿಂದ ಬಿಡಿಸಿಯೇ ಹೇಳುತ್ತೇನೆ. ಮೊಬೈಲಿನ ಪಟ್ಟಿಯಲ್ಲಿ ಮೇಲೆ ಕಾಣುವುದು ಕೊನೆಯ ಸಂದೇಶ ಯಾವುದಕ್ಕೆ ಬಂದಿದೆಯೋ ಆ ಗುಂಪು. ಇಪ್ಪತ್ತು ಜನ ಹೊಸ ಗುಂಪಿನಲ್ಲಿ ಒಂದು ವಾರ ಶಿಸ್ತಾಗಿ ಬರೆಯುತ್ತಾರೆ. ಎಂಟನೆಯ ದಿನ ಯಾರೋ ಒಬ್ಬರು ಹಳೆಯದರಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರುತ್ತಾರೆ. ಅಷ್ಟಕ್ಕೇ ಇಪ್ಪತ್ತೂ ಮೊಬೈಲುಗಳಲ್ಲಿ ಹಳೆಯ ಗುಂಪು ಮೇಲೆ ಬಂದು ಕುಳಿತುಕೊಳ್ಳುತ್ತದೆ. ಮುಂದಿನವರು ಬಿಲ್ಲಿನ ಫೋಟೊ ಕಳುಹಿಸಬೇಕಾದಾಗ ಬೆರಳು ಮೇಲಿನದಕ್ಕೇ ಹೋಗುತ್ತದೆ. ಹೆಸರು ಹೆಚ್ಚುಕಡಿಮೆ ಅದೇ, ಚಿತ್ರ ಅದೇ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಬಸ್ಸಿಗೆ ನಿಂತವರು 'ಹೊಸದು' ಎಂಬ ಪದವನ್ನು ಓದಿ ನೋಡುವುದಿಲ್ಲ. ಇದು ಅವರ ಅಜಾಗರೂಕತೆ ಎಂದು ಬೈಯುವ ಮಾಲೀಕರಿಗೆ ನನ್ನ ಉತ್ತರ ಒಂದೇ. ಒಂದೇ ಬಣ್ಣದ ಎರಡು ಬಾಗಿಲು ಮಾಡಿಸಿದವರು ನೀವು.

ಬಿಟ್ಟುಹೋದವರಿಗೆ ಬೇಸರವಾಗಬಾರದೆಂದು ಈ ಉಪಾಯ ಮಾಡಿದಿರಲ್ಲ, ಅದೂ ಫಲಿಸುವುದಿಲ್ಲ. ದಿನಕ್ಕೆ ನಲವತ್ತು ಸಂದೇಶ ಬರುತ್ತಿದ್ದ ಗುಂಪು ತಾನು ಹೊರಟ ಮರುದಿನವೇ ಮೌನವಾದರೆ ಯಾರಿಗಾದರೂ ಅರ್ಥವಾಗುತ್ತದೆ. ಎದುರಿಗೆ ಹೇಳಿದ್ದರೆ ಒಂದು ದಿನಕ್ಕೆ ಮುಗಿಯುತ್ತಿದ್ದ ನೋವು ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಒಂದು ಘಟನೆಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಯಾವ ಊರು, ಯಾವ ಸಂಸ್ಥೆ ಎಂದು ಹೇಳುವುದಿಲ್ಲ. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆರು ವರ್ಷ ದುಡಿದ ನರ್ಸ್ ಒಬ್ಬರು ಗಲ್ಫಿಗೆ ಹೋದರು. ಗುಂಪಿನಿಂದ ಅವರನ್ನು ಯಾರೂ ತೆಗೆಯಲಿಲ್ಲ. "ಪಾಪ, ಅಲ್ಲಿ ಒಬ್ಬಳೇ ಇದ್ದಾಳೆ, ನಮ್ಮ ಸುದ್ದಿ ಕಾಣುತ್ತಿರಲಿ" ಎಂದು ಬಿಟ್ಟದ್ದು, ಪ್ರೀತಿಯಿಂದಲೇ. ಅಲ್ಲಿ ರೋಗಿಗಳ ವರದಿಗಳ ಫೋಟೊವನ್ನು ಹೆಸರಿನ ಸಮೇತ ಗುಂಪಿಗೆ ಹಾಕುವ ರೂಢಿಯಿತ್ತು. ಅದೇ ಮೊದಲ ತಪ್ಪು. ಒಂದು ರಾತ್ರಿ ಪಾಳಿ ಮುಗಿಸಿ ಕೋಣೆಗೆ ಬಂದ ಆ ಹೆಣ್ಣುಮಗಳು ಮೊಬೈಲ್ ತೆರೆದಾಗ ಕಂಡದ್ದು ತನ್ನ ಸ್ವಂತ ಚಿಕ್ಕಮ್ಮನ ಬಯಾಪ್ಸಿ ವರದಿ. ಚಿಕ್ಕಮ್ಮನಿಗೂ ಚಿಕ್ಕಪ್ಪನಿಗೂ ವೈದ್ಯರು ಇನ್ನೂ ಹೇಳಿರಲಿಲ್ಲ. ಆಕೆ ತಾಯಿಗೆ ಫೋನ್ ಮಾಡಿ ಅತ್ತರು. ತಾಯಿ ತಂಗಿಯ ಮನೆಗೆ ಓಡಿದರು. ವೈದ್ಯರು ಎದುರಿಗೆ ಕೂರಿಸಿಕೊಂಡು ಹೇಳಬೇಕಾದ ಮಾತು ರಾತ್ರಿ ಹನ್ನೊಂದಕ್ಕೆ ಅಂಗಳದಲ್ಲಿ ಆ ಮನೆಯವರಿಗೆ ಗೊತ್ತಾಯಿತು.

ಮರುದಿನ ಆಡಳಿತದವರು ಗಾಬರಿಯಿಂದ ಆಕೆಯನ್ನು ಗುಂಪಿನಿಂದ ತೆಗೆದು, ಎಲ್ಲ ಸರಿಯಾಯಿತು ಎಂದು ನನಗೆ ತಿಳಿಸಿದರು. ಸರಿಯಾಗಿರಲಿಲ್ಲ. ತೆಗೆದ ಮೇಲೆ ಮುಂದಿನ ಸಂದೇಶಗಳು ಹೋಗುವುದಿಲ್ಲ, ಅಷ್ಟೆ. ಅಲ್ಲಿಯವರೆಗೆ ಬಂದದ್ದೆಲ್ಲ ಅವರ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ಎಲ್ಲರ ಮೊಬೈಲಿನಿಂದಲೂ ಅಳಿಸುವ ಅವಕಾಶ ಸಂದೇಶ ಕಳುಹಿಸಿ ಸುಮಾರು ಎರಡೂವರೆ ದಿನದವರೆಗೆ ಮಾತ್ರ. ಆಕೆ ಒಳ್ಳೆಯವರು, ನಾನು ಕೇಳಿಕೊಂಡಾಗ ಎಲ್ಲವನ್ನೂ ಅಳಿಸಿದರು. ಎಲ್ಲರೂ ಹಾಗಿರುತ್ತಾರೆ ಎಂಬ ನಂಬಿಕೆಯ ಮೇಲೆ ಕಚೇರಿ ನಡೆಸಲಾಗದು.

ನಮ್ಮ ಕರಾವಳಿಯ ಸಣ್ಣ ಸಂಸ್ಥೆಗಳಲ್ಲಿ ಕೆಲಸದ ಸಂಬಂಧ ಸಂಬಳದ ದಿನಕ್ಕೆ ಮುಗಿಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಧಣಿಗಳ ಮನೆಯ ಭೂತಕೋಲಕ್ಕೆ ಇಡೀ ಕಚೇರಿ ಹೋಗುತ್ತದೆ. ಕ್ರಿಸ್‌ಮಸ್ಸಿಗೆ ಅಕೌಂಟ್ಸ್‌ನವರ ಮನೆಯಿಂದ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಬರುತ್ತದೆ, ಅವರು ಕೆಲಸ ಬಿಟ್ಟು ಐದು ವರ್ಷವಾಗಿದ್ದರೂ ಬರುತ್ತದೆ. ಗಲ್ಫಿನಿಂದ ರಜೆಗೆ ಬಂದವರು ಮೊದಲ ವಾರದಲ್ಲೇ ಹಳೆಯ ಕಚೇರಿಗೆ ಖರ್ಜೂರದ ಪೊಟ್ಟಣ ಹಿಡಿದು ಬರುತ್ತಾರೆ. ಇಂಥವರನ್ನು "ತೆಗೆಯಿರಿ" ಎಂದು ನಾನು ಹೇಳಿದಾಗ, "ಹೇಗೆ ಮಾರಾಯರೇ ತೆಗೆಯುವುದು, ಬೇಜಾರು ಮಾಡಿಕೊಂಡಾರು" ಎಂಬ ಉತ್ತರ ಬರುತ್ತದೆ. ಈ ದಾಕ್ಷಿಣ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಹೊರಟವರಿಂದ ಕಪಾಟಿನ ಬೀಗದ ಕೈ ಕೇಳಿ ಪಡೆಯಲು ನಿಮಗೆ ಸಂಕೋಚವಾಗುವುದಿಲ್ಲ, ಕೊಡಲು ಅವರಿಗೂ ಬೇಸರವಾಗುವುದಿಲ್ಲ. ದರ, ವರದಿ, ಗ್ರಾಹಕರ ಫೋನ್ ಸಂಖ್ಯೆ, ರಜೆ ಚೀಟಿ ಎಲ್ಲ ಇರುವ ಗುಂಪು ಕೂಡ ಕಚೇರಿಯ ಕಪಾಟೇ.

ಕಾನೂನಿನ ಮಾತು ಸ್ವಲ್ಪ. ನಾನು ವಕೀಲೆಯಲ್ಲ, ನಿಮ್ಮ ಪ್ರಕರಣಕ್ಕೆ ನಿಮ್ಮ ವಕೀಲರನ್ನೇ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಜನರ ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ ಆ ಕಾಯ್ದೆಯಲ್ಲಿ ದಂಡದ ಮಿತಿ 250 ಕೋಟಿ ರೂಪಾಯಿಯವರೆಗೆ ಇದೆ. ಸಣ್ಣ ಸಂಸ್ಥೆಗೆ ಅಷ್ಟು ಬೀಳುತ್ತದೆ ಎಂದು ಹೆದರಿಸುತ್ತಿಲ್ಲ, ಹೊಣೆ ಯಾರದು ಎಂಬುದನ್ನು ಹೇಳುತ್ತಿದ್ದೇನೆ. ಗೇರುಬೀಜದ ಧಣಿಗಳು ಆ ಹುಡುಗ ಎದುರಾಳಿಯ ಬಳಿ ಕೆಲಸ ಮಾಡದಂತೆ ತಡೆಯಬಹುದೇ ಎಂದು ಕೇಳಿದರು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟವರ ದುಡಿಮೆಗೆ ಅಡ್ಡಿಯಾಗುವ ಕರಾರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗುಟ್ಟು ಕಾಯುವ ಕರಾರು ಬೇರೆ ವಿಷಯ. ಆದರೆ ನೀವೇ ದಿನಾ ಕಳುಹಿಸಿದ ದರವನ್ನು ಗುಟ್ಟೆಂದು ಸಾಧಿಸುವುದು ಎಷ್ಟು ಕಷ್ಟ ಯೋಚಿಸಿ.

ಇನ್ನೊಂದು ಎಚ್ಚರಿಕೆ. ಹೊರಟವರೊಂದಿಗೆ ವಿಚಾರಣೆಯೋ ವ್ಯಾಜ್ಯವೋ ಇದ್ದರೆ ಗಾಬರಿಯಲ್ಲಿ ಗುಂಪನ್ನೇ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಮೂಲವೇ ಇಲ್ಲದಿದ್ದರೆ ಯಾವುದಕ್ಕೆ ಪ್ರಮಾಣಪತ್ರ ಕೊಡುತ್ತೀರಿ? ವ್ಯಕ್ತಿಯನ್ನು ತೆಗೆಯಿರಿ, ಸಂದೇಶಗಳನ್ನು ಉಳಿಸಿಕೊಳ್ಳಿ.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಕೊನೆಯ ದಿನ ಬೀಗದ ಕೈ, ಗುರುತಿನ ಚೀಟಿ, ಕಚೇರಿಯ ಸಿಮ್ ಹಿಂದಿರುಗಿಸಿಕೊಳ್ಳುವ ಹಾಳೆಯಲ್ಲಿ ಇನ್ನೊಂದು ಸಾಲು ಬರೆಯಿಸಿ: ಯಾವ ಯಾವ ಗುಂಪುಗಳಿಂದ ತೆಗೆಯಲಾಯಿತು. ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನೂ ಎರಡು ಕೆಲಸದ ದಿನಗಳೊಳಗೆ ಕೊಡಬೇಕಾಗಿರುವುದರಿಂದ ಹೇಗೂ ಆ ಹಾಳೆಯನ್ನು ಅಂದೇ ಮುಗಿಸಬೇಕು. ಪಿಎಫ್ ಜಾಲತಾಣದಲ್ಲಿ ನಿರ್ಗಮನದ ದಿನಾಂಕವನ್ನೂ ಜತೆಯಲ್ಲೇ ತುಂಬಿಬಿಡಿ. ಅದನ್ನು ಮರೆತು ಹಳೆಯ ನೌಕರರ ಪಿಎಫ್ ವರ್ಗಾವಣೆ ಸಿಕ್ಕಿಬಿದ್ದು ಅವರು ನನ್ನ ಕಚೇರಿಯ ಬಾಗಿಲಲ್ಲಿ ನಿಲ್ಲುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಗುಂಪಿನಲ್ಲಿ ಹೆಸರು ಉಳಿಯುವುದೂ ಅಲ್ಲಿ ದಿನಾಂಕ ಖಾಲಿ ಉಳಿಯುವುದೂ ಒಂದೇ ಮರೆವಿನಿಂದ.

ತೆಗೆಯುವ ಮೊದಲು ಎದುರಿಗೆ ಹೇಳಿ. "ಇವತ್ತು ಸಂಜೆ ಕೆಲಸದ ಗುಂಪಿನಿಂದ ನಿಮ್ಮ ಹೆಸರು ತೆಗೆಯುತ್ತೇವೆ, ಇದು ಇಲ್ಲಿ ಎಲ್ಲರಿಗೂ ಇರುವ ಕ್ರಮ, ನನ್ನ ನಂಬರ್ ನಿಮ್ಮ ಬಳಿ ಇದ್ದೇ ಇದೆ." ಇಷ್ಟು ಸಾಕು. ಹೇಳದೆ ತೆಗೆದಾಗ ಜನ ನೊಂದುಕೊಳ್ಳುವುದನ್ನು ಕಂಡಿದ್ದೇನೆ. ಹೇಳಿ ತೆಗೆದದ್ದಕ್ಕೆ ಮುನಿಸಿಕೊಂಡವರನ್ನು ಇದುವರೆಗೆ ಕಂಡಿಲ್ಲ. ಮ್ಯಾನೇಜರಿಗೊಂದು, ಡ್ರೈವರಿಗೊಂದು ಕ್ರಮ ಮಾತ್ರ ಬೇಡ.

ಹೊಸ ಗುಂಪು ನಿಜಕ್ಕೂ ಬೇಕಾಗುವ ಸಂದರ್ಭ ಒಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಗುಂಪನ್ನು ಹುಟ್ಟುಹಾಕಿದವರನ್ನು ಉಳಿದ ಅಡ್ಮಿನ್‌ಗಳು ತೆಗೆಯಲಾಗುವುದಿಲ್ಲ. ಅವರಾಗಿಯೇ ಹೊರಬರಬೇಕು. ಹೆಚ್ಚಿನ ಕಡೆ ಗುಂಪು ಮಾಡಿದ್ದು ಮೊಬೈಲ್ ಚೆನ್ನಾಗಿ ಬಲ್ಲ ಕಿರಿಯ ಹುಡುಗರು, ಕೆಲಸ ಬಿಟ್ಟು ಮೊದಲು ಹೋಗುವವರೂ ಅವರೇ. ಆದ್ದರಿಂದ ಅವರು ಇನ್ನೂ ಕಚೇರಿಯಲ್ಲಿರುವಾಗಲೇ ಮಾಲೀಕರನ್ನು ಅಡ್ಮಿನ್ ಮಾಡಿಸಿ, ನಂತರ ಅವರೇ ಹೊರಬರುವಂತೆ ಕೇಳಿಕೊಳ್ಳಿ. ಅದು ತಪ್ಪಿಹೋಗಿ ಹೊಸದನ್ನು ಮಾಡಲೇಬೇಕಾದರೆ ಹಳೆಯದನ್ನು ನಿಜವಾಗಿ ಮುಚ್ಚಿ. ನೀವು ಅಡ್ಮಿನ್ ಆಗಿದ್ದರೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬದಲಿಸಿ, ಉಳಿದವರನ್ನು ಒಬ್ಬೊಬ್ಬರನ್ನಾಗಿ ತೆಗೆದು, ಕೊನೆಗೆ ನೀವೂ ಹೊರಬನ್ನಿ. ಅಡ್ಮಿನ್ ಅಲ್ಲದಿದ್ದರೆ ಕಚೇರಿಯವರೆಲ್ಲ ತಾವಾಗಿಯೇ ಹೊರಬರಲಿ. ಸದಸ್ಯತ್ವ ನಂಬರಿಗೆ ಅಂಟಿರುವುದರಿಂದ ಕಚೇರಿಯ ಸಿಮ್ಮನ್ನು ಹೊಸಬರಿಗೆ ಕೊಡುವಾಗಲೂ ಅದು ಯಾವ ಗುಂಪುಗಳಲ್ಲಿದೆ ಎಂದು ನೋಡಿಯೇ ಕೊಡಿ.

ಪ್ರೀತಿಗೆ ಬೇರೆ ಜಾಗ ಮಾಡಬಹುದು. ಉಡುಪಿ ಕಡೆಯ ಒಂದು ಶಾಲೆಯಲ್ಲಿ ನಿವೃತ್ತರಾದ ಕನ್ನಡ ಟೀಚರ್ ನಾಲ್ಕು ವರ್ಷ ಸಿಬ್ಬಂದಿಯ ಗುಂಪಿನಲ್ಲೇ ಇದ್ದರು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ರಜೆ ಆದೇಶವನ್ನು ಎಲ್ಲರಿಗಿಂತ ಮೊದಲು ಹಾಕುತ್ತಿದ್ದವರು ಅವರೇ. ಮಕ್ಕಳ ಅಂಕಪಟ್ಟಿ, ಶುಲ್ಕ ಬಾಕಿಯ ಪಟ್ಟಿಯೂ ಅದೇ ಗುಂಪಿನಲ್ಲಿ ಓಡಾಡುತ್ತಿತ್ತು. ಮುಖ್ಯೋಪಾಧ್ಯಾಯಿನಿಗೆ ಅವರನ್ನು ತೆಗೆಯಲು ಮನಸ್ಸಿಲ್ಲ, ಬಿಡಲು ಧೈರ್ಯವಿಲ್ಲ. ಹಳಬರೂ ಹೊಸಬರೂ ಕೂಡಿ ಇರುವ ಸ್ನೇಹದ ಗುಂಪೊಂದನ್ನು ಪೂರ್ತಿ ಬೇರೆ ಹೆಸರು, ಬೇರೆ ಚಿತ್ರದಲ್ಲಿ ಮಾಡಿ ಎಂದೆ. ಟೀಚರನ್ನೇ ಅದರ ಅಡ್ಮಿನ್ ಮಾಡಿ, ಆಮೇಲೆ ಮನೆಗೆ ಹೋಗಿ ವಿಷಯ ತಿಳಿಸಿ ಎಂದೂ ಸೇರಿಸಿದೆ. ಮುಖ್ಯೋಪಾಧ್ಯಾಯಿನಿ ಹೋದರು. ಟೀಚರ್ ಕಾಫಿ ಕೊಟ್ಟು, "ಆ ಶುಲ್ಕದ ಪಟ್ಟಿ ನೋಡಿದಾಗಲೆಲ್ಲ ನನಗೇ ಮುಜುಗರವಾಗುತ್ತಿತ್ತು ಮಗಳೇ, ನಾನಾಗಿ ಹೋದರೆ ನೀವು ತಪ್ಪು ತಿಳಿಯುತ್ತೀರಿ ಎಂದು ಸುಮ್ಮನಿದ್ದೆ" ಎಂದರಂತೆ.

ಎರಡೂ ಕಡೆಯವರು ಹೀಗೆ ಒಬ್ಬರಿಗೊಬ್ಬರು ಹೆದರಿ ಕುಳಿತಿರುತ್ತಾರೆ. ಕೆಲಸ ಬಿಟ್ಟು ಹೋದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಯಾರೂ ತೆಗೆಯದಿದ್ದರೆ ನೀವೇ ಹೊರಬನ್ನಿ. 2022ರಿಂದ ಈಚೆಗೆ ಹೊರಬಿದ್ದ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ, ಇಡೀ ಗುಂಪಿಗೆ ಸಾರಿದಂತಾಗುವುದಿಲ್ಲ. ಹೊರಬರುವ ಮೊದಲು ಮಾಲೀಕರಿಗೆ ಎರಡು ಸಾಲು ಬರೆಯಿರಿ. ಹಬ್ಬದ ದಿನ ಮಾತ್ರ ಬರೆಯಬೇಡಿ, ಆ ಗೇರುಬೀಜದ ಹುಡುಗನ ಸಂದೇಶದಂತೆ ಕಳೆದುಹೋದೀತು.

ಆ ಸಂಜೆ ಧಣಿಗಳು ನನ್ನ ಎದುರಿಗೇ ಅವನಿಗೆ ಫೋನ್ ಮಾಡಿದರು. ಮೊದಲ ಎರಡು ನಿಮಿಷ ಗಟ್ಟಿ ಧ್ವನಿ ಇತ್ತು. ಆಮೇಲೆ ಅವನ ಮಗುವಿನ ಜ್ವರದ ವಿಚಾರ ಬಂತು. ಫೋನ್ ಇಟ್ಟು ಹಳೆಯ ಗುಂಪನ್ನು ತೆರೆದರು. ಅವನ ಹೆಸರನ್ನು ತೆಗೆಯುವುದು ಹೇಗೆಂದು ತೋರಿಸಿಕೊಟ್ಟೆ. ಹೊಸ ಗುಂಪನ್ನೂ ಅಂದೇ ಮುಚ್ಚಿಸಿ, ಪಿಎಫ್ ಕಡತವನ್ನು ಮತ್ತೆ ನಡುವೆ ಎಳೆದುಕೊಂಡೆ.