ಬೇಡ ಎನ್ನಲು ಹಿಡಿದ 88 ವರ್ಷ: ಕ್ವೇಕರರು ಮತ್ತು ಗುಲಾಮಗಿರಿ

1930ರ ಮಾರ್ಚ್‌ನಲ್ಲಿ, ದಂಡಿಗೆ ಹೊರಡುವ ಮೊದಲು, ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಒಂದು ಪತ್ರ ಬರೆದರು. ಅದನ್ನು ದೆಹಲಿಗೆ ಮುಟ್ಟಿಸಿದ್ದು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಯುವಕ. ಆತ ಕ್ವೇಕರ್ ಎಂಬ ಕ್ರೈಸ್ತ ಪಂಥದವನು. 1947ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸೇವಾ ಸಂಸ್ಥೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಯುದ್ಧ ಒಲ್ಲದವರು, ಅನ್ಯಾಯ ಕಂಡರೆ ಸುಮ್ಮನಿರದವರು ಎಂಬ ಹೆಸರು ಅವರಿಗಿದೆ. ಹೆಸರೇನೋ ಸರಿ. ಆದರೆ ಅದನ್ನು ಗಳಿಸಿಕೊಟ್ಟವರಲ್ಲಿ ಕೆಲವರನ್ನು ಕ್ವೇಕರರೇ ಹೊರಗೆ ಹಾಕಿದ್ದರು.

ಈ ಪಂಥ ಹುಟ್ಟಿದ್ದು 1650ರ ಆಸುಪಾಸು, ಇಂಗ್ಲೆಂಡಿನಲ್ಲಿ. ದೇವರ ಬೆಳಕು ಪ್ರತಿಯೊಬ್ಬರೊಳಗೂ ಇದೆ, ನಡುವೆ ಪಾದ್ರಿ ಬೇಕಿಲ್ಲ ಅಂದವರು ಜಾರ್ಜ್ ಫಾಕ್ಸ್. ಸಭೆಯಲ್ಲಿ ಎಲ್ಲರೂ ಮೌನವಾಗಿ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಹೇಳುತ್ತಾರೆ. ಯಾವ ಕಾರಣಕ್ಕೂ ಆಯುಧ ಹಿಡಿಯುವುದಿಲ್ಲ ಎಂದು 1661ರಲ್ಲಿ ದೊರೆ ಎರಡನೇ ಚಾರ್ಲ್ಸ್‌ಗೆ ಬರೆದೇ ಕೊಟ್ಟರು. ಆಗಷ್ಟೇ ಲಂಡನ್ನಿನಲ್ಲಿ ಬೇರೊಂದು ಗುಂಪು ದಂಗೆ ಎದ್ದಿತ್ತು, ಅನುಮಾನ ಇವರ ಮೇಲೂ ಬಿದ್ದಿತ್ತು ಅನ್ನುವುದನ್ನೂ ನೆನಪಿಡಬೇಕು.

ಎಲ್ಲರೊಳಗೂ ಬೆಳಕಿದೆ ಅಂದಮೇಲೆ ಗುಲಾಮರೊಳಗೂ ಇರಬೇಕಲ್ವಾ? ಆದರೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ವಸಾಹತು ಕಟ್ಟಿದ ಕ್ವೇಕರ್ ವಿಲಿಯಂ ಪೆನ್ ಮನೆಯಲ್ಲೇ ಗುಲಾಮರಿದ್ದರು. 1688ರಲ್ಲಿ ಫಿಲಡೆಲ್ಫಿಯಾ ಪಕ್ಕದ ಜರ್ಮನ್‌ಟೌನ್‌ನ 4 ಮಂದಿ ಇದರ ವಿರುದ್ಧ ಒಂದು ಮನವಿ ಬರೆದರು. ನಮ್ಮನ್ನು ಯಾರಾದರೂ ಹೀಗೆ ಮಾರಿದರೆ ಒಪ್ಪುತ್ತೇವಾ? ಕದ್ದು ತಂದ ಮನುಷ್ಯರನ್ನು ಕೊಂಡರೆ ಅದೂ ಕಳ್ಳತನವೇ ತಾನೇ? ಇನ್ನೂ ಒಂದು ಮಾತಿತ್ತು, ನನ್ನ ಪ್ರಕಾರ ಅದೇ ಜಾಸ್ತಿ ಚುರುಕಿನದು: ನಾಳೆ ಈ ಗುಲಾಮರು ತಿರುಗಿಬಿದ್ದರೆ ಅವರ ಒಡೆಯರು ಕತ್ತಿ ಹಿಡಿದು ಹೊಡೆದಾಡುತ್ತಾರಾ? ಗುಲಾಮರನ್ನು ಇಟ್ಟುಕೊಂಡವರು ಶಾಂತಿವಾದಿಗಳಾಗಿ ಉಳಿಯಲಾರರು ಎಂಬ ಸತ್ಯ ಆ ಪ್ರಶ್ನೆಯಲ್ಲಿತ್ತು.

ಮನವಿ ಸ್ಥಳೀಯ ಸಭೆಗೆ ಹೋಯಿತು. ಇದು ನಮ್ಮ ಕೈಲಾಗದಷ್ಟು ತೂಕದ ವಿಷಯ ಎಂದು ಅವರು ಮೇಲಿನ ಸಭೆಗೆ ಕಳಿಸಿದರು. ಅವರು ಇನ್ನೂ ಮೇಲಕ್ಕೆ. ವಾರ್ಷಿಕ ಸಭೆ ಏನೂ ತೀರ್ಮಾನಿಸದೆ ಪಕ್ಕಕ್ಕಿಟ್ಟಿತು. ಕಡತ ಮೇಜಿಂದ ಮೇಜಿಗೆ ಹೋಗುವ ಕಥೆ ನಮಗೇನು ಹೊಸದಲ್ಲ. ಆದರೆ ಇಲ್ಲಿ ಇನ್ನೊಂದು ತೊಡಕಿತ್ತು. ಕ್ವೇಕರರು ಮತ ಹಾಕಿ ನಿರ್ಧರಿಸುವುದಿಲ್ಲ, ಎಲ್ಲರ ಮನಸ್ಸೂ ಒಂದಾಗುವವರೆಗೆ ಕಾಯುತ್ತಾರೆ. ಸಭೆಯ ದೊಡ್ಡ ಕುಳಗಳೇ ಗುಲಾಮರ ಒಡೆಯರಾಗಿರುವಾಗ ಮನಸ್ಸು ಒಂದಾಗುವುದು ಎಲ್ಲಿಂದ ಬಂತು?

ಕಾಯಲು ಒಲ್ಲದವನು ಬೆಂಜಮಿನ್ ಲೇ. ಸುಮಾರು 4 ಅಡಿ ಎತ್ತರದ ಆಳು. ಹಿಂದೆ ಹಡಗಿನಲ್ಲಿ ದುಡಿದವನು, ಬಾರ್ಬಡೋಸ್‌ನಲ್ಲಿ ಗುಲಾಮರ ಪಾಡನ್ನು ಕಣ್ಣಾರೆ ಕಂಡವನು. ಗುಲಾಮರು ಬೆಳೆದ ಸಕ್ಕರೆಯನ್ನೂ ಮುಟ್ಟುತ್ತಿರಲಿಲ್ಲ. 1738ರಲ್ಲಿ ಬರ್ಲಿಂಗ್‌ಟನ್‌ನ ವಾರ್ಷಿಕ ಸಭೆಗೆ ನಿಲುವಂಗಿ ಹೊದ್ದು ಬಂದ. ಅದನ್ನು ಕಿತ್ತೆಸೆದರೆ ಒಳಗೆ ಸಿಪಾಯಿಯ ಉಡುಪು, ಕತ್ತಿ. ಕೈಯಲ್ಲಿದ್ದ ಟೊಳ್ಳು ಪುಸ್ತಕದೊಳಗೆ ಕೆಂಪು ಹಣ್ಣಿನ ರಸ ತುಂಬಿದ ಚೀಲ. ಕತ್ತಿಯಿಂದ ಚುಚ್ಚಿದ. ಗುಲಾಮರನ್ನು ಇಟ್ಟುಕೊಂಡವರ ಮೇಲೆ ರಕ್ತದಂಥ ರಸ ಚಿಮ್ಮಿತು. ಅವನನ್ನು ಹೊರಗೆ ಎಸೆದರು. ಪಂಥದಿಂದಲೂ ಅವನು ಹೊರಗಾದ.

ಜಾನ್ ವುಲ್ಮನ್ ದಾರಿ ಬೇರೆ. ಈ ದರ್ಜಿ ಯಾರನ್ನೂ ಬಯ್ಯಲಿಲ್ಲ. ಒಡೆಯರ ಮನೆಗಳಿಗೇ ಹೋಗಿ ಕೂತು ಮಾತಾಡಿದ, ಉಳಿದುಕೊಂಡ ಮನೆಯಲ್ಲಿ ಗುಲಾಮರು ಮಾಡಿದ ಚಾಕರಿಗೆ ದುಡ್ಡು ಕೊಟ್ಟ. ಒಡೆಯನಿಗೆ ಇದಕ್ಕಿಂತ ಮುಜುಗರ ಬೇರೇನಿದೆ! ಕಾಲವೂ ಬದಲಾಗಿತ್ತು. 1756ರಲ್ಲಿ, ಯುದ್ಧದ ಹೊತ್ತಿನಲ್ಲಿ, ಹಲವು ಕ್ವೇಕರರು ಪೆನ್ಸಿಲ್ವೇನಿಯಾದ ಶಾಸನಸಭೆ ಬಿಟ್ಟರು. ಪಂಥದೊಳಗೆ ಸುಧಾರಣೆ ಬೇಕೆನ್ನುವವರ ಕೈ ಮೇಲಾಯಿತು. 1758ರಲ್ಲಿ ಫಿಲಡೆಲ್ಫಿಯಾ ವಾರ್ಷಿಕ ಸಭೆ ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರ ಮೇಲೆ ಶಿಸ್ತು ಕ್ರಮಕ್ಕೆ ಒಪ್ಪಿತು. ಲೇ ಆಗಿನ್ನೂ ಬದುಕಿದ್ದ, ಮರುವರ್ಷ ತೀರಿಕೊಂಡ. ಗುಲಾಮರನ್ನು ಇಟ್ಟುಕೊಂಡರೆ ಸದಸ್ಯತ್ವವೇ ಇಲ್ಲ ಎಂಬ ತೀರ್ಮಾನ ಬಂದಿದ್ದು 1776ರಲ್ಲಿ.

ಒಮ್ಮೆ ಮನಸ್ಸು ಕೂಡಿದ ಮೇಲೆ ಕೆಲಸ ಬೇಗ ಸಾಗಿತು. 1783ರಲ್ಲಿ ಬ್ರಿಟನ್ನಿನ ಕ್ವೇಕರರು ಗುಲಾಮ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು. ಅದನ್ನು ನಿಲ್ಲಿಸಲೆಂದು 1787ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಮಿತಿಯ 12 ಮಂದಿಯಲ್ಲಿ 9 ಮಂದಿ ಕ್ವೇಕರರು. ದೇವರ ಮೇಲೆ ಆಣೆಯಿಟ್ಟು ಪ್ರಮಾಣ ಮಾಡಲು ಒಪ್ಪದ ಅವರಿಗೆ ಪಾರ್ಲಿಮೆಂಟಿನ ಬಾಗಿಲು ಮುಚ್ಚಿತ್ತು. ಹಾಗಾಗಿ ಅಲ್ಲಿ ದನಿ ಎತ್ತಿದವರು ಕ್ವೇಕರರಲ್ಲದ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್. 1807ರಲ್ಲಿ ಆ ವ್ಯಾಪಾರ ನಿಷೇಧವಾಯಿತು.

ಕ್ವೇಕರರು ತಮ್ಮ ಗುಲಾಮರನ್ನು ಬಿಟ್ಟರು, ಸರಿ. ಪಕ್ಕದಲ್ಲಿ ಕೂರಿಸಿಕೊಂಡರಾ? ಇಲ್ಲ. ಫಿಲಡೆಲ್ಫಿಯಾದ ಆರ್ಚ್ ಸ್ಟ್ರೀಟ್ ಸಭಾಮನೆಯಲ್ಲಿ ಕಪ್ಪು ಜನರಿಗೆ ಬೇರೆ ಬೆಂಚು. ನಮ್ಮ ಪಂಕ್ತಿಭೇದದ ಹಾಗೇ. ಅಲ್ಲಿಗೆ ಹೋಗುತ್ತಿದ್ದ ಕಪ್ಪು ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಸ್ 1830ರ ದಶಕದಲ್ಲಿ ಇದನ್ನು ಬರೆದು ಬಯಲಿಗೆಳೆದರು. ಬಿಳಿಯರಾದ ಸಾರಾ ಮತ್ತು ಏಂಜಲಿನಾ ಗ್ರಿಮ್ಕೆ ಸೋದರಿಯರು ಬೇಕೆಂದೇ ಹೋಗಿ ಅದೇ ಬೆಂಚಿನಲ್ಲಿ ಕೂತರು. ಪಂಥದ ಹಿರಿಯರಿಂದ ಅವರಿಗೆ ಸಿಕ್ಕಿದ್ದು ಛೀಮಾರಿ.